ಆಫೀಸಿನ ರದ್ದಿ ಮರುಬಳಕೆಗೆ ಹೋಗಲಿ, ಒಳಗಿನ ಗುಟ್ಟು ಬೇಡ: ಯಾವ ದಾರಿ ಯಾರಿಗೆ?

ಆಫೀಸಿನಲ್ಲಿ ಸಾಮಾನ್ಯವಾಗಿ ಎರಡು ಬುಟ್ಟಿ ಇರುತ್ತವೆ. ಒಂದರಲ್ಲಿ ಕಾಫಿ ಕಪ್ಪು, ಟಿಶ್ಯೂ, ಊಟ ಮಿಕ್ಕಿದ್ದು. ಇನ್ನೊಂದರಲ್ಲಿ ಬರೀ ಕಾಗದ. ಮಾಹಿತಿ ಕದಿಯಲು ಬಂದವರು ಯಾವುದಕ್ಕೆ ಕೈ ಹಾಕುತ್ತಾರೆ? ಎರಡನೆಯದಕ್ಕೇ ಅಲ್ವಾ. ಅಲ್ಲಿ ಎಲ್ಲವೂ ಒಣಗಿದೆ, ನೀಟಾಗಿದೆ, ಸಲೀಸಾಗಿ ಓದಬಹುದು. ಕಸ ಕೆದಕುವ ಕಷ್ಟವನ್ನು ಅವರ ಪರವಾಗಿ ನಾವೇ ಮಾಡಿ ಮುಗಿಸಿರುತ್ತೇವೆ.

ಇದಕ್ಕೆ ಪರಿಹಾರ ಅಂದಕೂಡಲೇ ಎಲ್ಲರಿಗೂ ನೆನಪಾಗುವುದು ಕಾಗದ ಚೂರು ಮಾಡುವ ಯಂತ್ರ, ಶ್ರೆಡ್ಡರ್. ಕೊಳ್ಳಲು ಹೊರಟವರ ಮೊದಲ ಪ್ರಶ್ನೆ, 'ಎಷ್ಟು ಸಣ್ಣದಾಗಿ ಕತ್ತರಿಸುತ್ತೆ?' ಅದನ್ನು ನಾನು ಎರಡನೆಯ ಪ್ರಶ್ನೆ ಮಾಡುತ್ತೇನೆ. ಮೊದಲು ಕೇಳಬೇಕಾದ್ದು ಇದು: ಹಾಳೆ ಮೇಜು ಬಿಟ್ಟ ಮೇಲೆ ನಾಶವಾಗುವ ತನಕ ಎಲ್ಲಿ ಕೂತಿರುತ್ತದೆ, ಎಷ್ಟು ದಿನ ಕೂತಿರುತ್ತದೆ, ಅಷ್ಟರೊಳಗೆ ಎಷ್ಟು ಜನರ ಕೈಗೆ ಸಿಗುತ್ತದೆ? ದುಬಾರಿ ಯಂತ್ರ ತಂದು, ಅದರ ಪಕ್ಕದಲ್ಲೇ 'ಆಮೇಲೆ ಕತ್ತರಿಸೋಣ' ಅಂತ ತೆರೆದ ಡಬ್ಬ ಇಟ್ಟರೆ ಚೂರಿನ ಅಳತೆ ಏನಿದ್ದರೇನು? ಕೆಳಗೆ ಹೋಲಿಸಿರುವ ಪ್ರತಿ ದಾರಿಯನ್ನೂ ಇದೇ ಪ್ರಶ್ನೆ ಇಟ್ಟುಕೊಂಡು ನೋಡಿದ್ದೇನೆ.

ಎಲ್ಲವನ್ನೂ ನಾಶ ಮಾಡುವುದೋ, ಆರಿಸಿ ಮಾಡುವುದೋ?

ಯಂತ್ರಕ್ಕಿಂತ ಮೊದಲು ತೀರ್ಮಾನ ಆಗಬೇಕಾದ್ದು ಇದು.

ಆರಿಸುವ ಪದ್ಧತಿಯಲ್ಲಿ ಗೌಪ್ಯ ಕಾಗದಕ್ಕೆ ಒಂದು ಪೆಟ್ಟಿಗೆ, ಉಳಿದದ್ದಕ್ಕೆ ಮಾಮೂಲಿ ಮರುಬಳಕೆ ಬುಟ್ಟಿ. ಖರ್ಚು ಕಡಿಮೆ. ಮಾಮೂಲಿ ಬುಟ್ಟಿಯ ಕಾಗದ ಇಡಿಯಾಗಿ ಹೋಗುವುದರಿಂದ ಮರುಬಳಕೆಗೂ ಒಳ್ಳೆಯದು. ತೊಂದರೆ ಏನೆಂದರೆ, ಪ್ರತಿಯೊಬ್ಬರೂ ಪ್ರತಿ ಹಾಳೆಗೂ ನಿಂತು ಯೋಚಿಸಬೇಕು. ಸಂಜೆ ಬಸ್ಸಿನ ಹೊತ್ತಾದಾಗ ಯಾರು ಯೋಚಿಸುತ್ತಾರೆ?

ಸಂಬಳದ ಚೀಟಿ, ಗುರುತಿನ ಚೀಟಿಯ ನಕಲು, ಬ್ಯಾಂಕ್ ವಿವರ ಗೌಪ್ಯ ಅಂತ ಎಲ್ಲರಿಗೂ ಗೊತ್ತು. ಜಾರುವುದು ಬೇರೆಯವು. ಕೆಲಸ ಸಿಗದವರ ಅರ್ಜಿಗಳು. ಕೊರಿಯರ್ ಲಕೋಟೆಯ ಮೇಲಿನ ವಿಳಾಸ ಮತ್ತು ಫೋನ್ ನಂಬರು. ಭೇಟಿಗೆ ಬಂದವರ ರಿಜಿಸ್ಟರಿನ ಹಳೆಯ ಪುಟ. ಮೀಟಿಂಗಿನಲ್ಲಿ ಗೀಚಿದ ದೊಡ್ಡ ಹಾಳೆ. ಪಾಸ್‌ವರ್ಡ್ ಬರೆದ ಹಳದಿ ಚೀಟಿ. ಪ್ರಿಂಟರಿನ ಮೇಲೆ ಯಾರೂ ಒಯ್ಯದೆ ಬಿಟ್ಟ ಹಾಳೆಗಳ ರಾಶಿಯಂತೂ ಇದ್ದೇ ಇದೆ. ಒಂದೊಂದೂ ಬಿಡಿಯಾಗಿ ಸಪ್ಪೆ. ಜೋಡಿಸಿದರೆ ಕಥೆ ಬೇರೆ. ನೌಕರರ ಹೆಸರಿನ ಪಟ್ಟಿ ಒಂದು ಹಾಳೆಯಲ್ಲಿ, ಮ್ಯಾನೇಜರ್ ಸಹಿ ಇನ್ನೊಂದರಲ್ಲಿ, ಲೆಟರ್‌ಹೆಡ್ ಮೂರನೆಯದರಲ್ಲಿ ಸಿಕ್ಕರೆ ನಕಲಿ ಪತ್ರಕ್ಕೆ ಇನ್ನೇನು ಬೇಕು?

ಎಲ್ಲವನ್ನೂ ನಾಶ ಮಾಡುವ ಪದ್ಧತಿಯಲ್ಲಿ ಈ ಯೋಚನೆಯೇ ಇಲ್ಲ. ಅಚ್ಚಾದ ಅಥವಾ ಬರೆದ ಪ್ರತಿ ಹಾಳೆಯೂ ಬೀಗದ ಪೆಟ್ಟಿಗೆಗೆ. ಕಾಗದದ ಪ್ರಮಾಣ ಜಾಸ್ತಿ ಆಗುತ್ತದೆ, ಖರ್ಚೂ ಏರುತ್ತದೆ. ಆದರೆ ಮರೆವಿಗೆ ಜಾಗ ಇರುವುದಿಲ್ಲ. ಗ್ರಾಹಕರ, ರೋಗಿಗಳ, ವಿದ್ಯಾರ್ಥಿಗಳ ವಿವರ ದಿನಾ ಓಡಾಡುವ ಕಡೆ ನಾನು ಕಣ್ಣುಮುಚ್ಚಿ ಇದನ್ನೇ ಆರಿಸುತ್ತೇನೆ. ಕಾಗದವೆಲ್ಲ ಬರೀ ಕರಪತ್ರ, ಪತ್ರಿಕೆ, ರಟ್ಟಿನ ಡಬ್ಬ ಆಗಿರುವ ಕಡೆ ಆರಿಸುವ ಪದ್ಧತಿ ಸಾಕು.

ಎರಡರಲ್ಲಿ ಯಾವುದಾದರೂ ಸರಿ, ಪ್ರತಿ ಮೇಜಿನ ಕೆಳಗಿನ ಸಣ್ಣ ಬುಟ್ಟಿಯನ್ನು ತೆಗೆದುಬಿಡಿ. ಕೈಗೆ ಸಿಗುವ ಬುಟ್ಟಿ ಇರುವ ತನಕ ಹಾಳೆ ಅಲ್ಲಿಗೇ ಬೀಳುತ್ತದೆ.

ಇನ್ನೊಂದು ಮಾತು. ಲೆಕ್ಕಪತ್ರ, ತೆರಿಗೆ, ನೌಕರರ ದಾಖಲೆಗಳನ್ನು ಇಂತಿಷ್ಟು ವರ್ಷ ಇಟ್ಟುಕೊಳ್ಳಬೇಕು ಎಂದು ಕಾನೂನು ಹೇಳುತ್ತದೆ. ಆ ಅವಧಿ ಮುಗಿಯದೆ ಯಾವುದನ್ನೂ ಯಂತ್ರಕ್ಕೆ ಹಾಕಬೇಡಿ. ವ್ಯಾಜ್ಯ ಅಥವಾ ತನಿಖೆ ನಡೆಯುತ್ತಿದ್ದರೆ ಅದಕ್ಕೆ ಸಂಬಂಧಿಸಿದ ಒಂದು ಚೀಟಿಯನ್ನೂ ಮುಟ್ಟಬಾರದು.

ಕೈಯಲ್ಲಿ ಹರಿಯುವುದು

ಇದನ್ನು ಆಯ್ಕೆ ಅಂತ ಕರೆಯಲು ಮನಸ್ಸಿಲ್ಲ. ಆದರೂ ಬಹಳ ಜನ ಮಾಡುವುದು ಇದನ್ನೇ. ನಾಲ್ಕು ತುಂಡು ಮಾಡಿ ಒಂದೇ ಬುಟ್ಟಿಗೆ ಎಸೆಯುತ್ತಾರೆ. ನಾಲ್ಕೂ ತುಂಡು ಒಟ್ಟಿಗೇ ಬಿದ್ದಿರುತ್ತವೆ.

1989ರ ಕೊನೆಯಲ್ಲಿ ಪೂರ್ವ ಜರ್ಮನಿಯ ಗುಪ್ತ ಪೊಲೀಸ್ ಸಂಸ್ಥೆ ಸ್ಟಾಸಿ ತನ್ನ ಕಡತಗಳನ್ನು ನಾಶ ಮಾಡಲು ಹೊರಟಿತು. ಸಿಬ್ಬಂದಿ ಕೈಯಲ್ಲೇ ಹರಿದು ಚೀಲಗಳಿಗೆ ತುಂಬಿದರು. ಅಂಥ ಸುಮಾರು 16,000 ಚೀಲ ಉಳಿದವು. 1995ರಿಂದ ಆ ತುಂಡುಗಳನ್ನು ಕೂಡಿಸುವ ಕೆಲಸ ನಡೆಯಿತು. ನಂತರ ಅದಕ್ಕೆಂದೇ ಕಂಪ್ಯೂಟರ್ ವ್ಯವಸ್ಥೆಯೂ ತಯಾರಾಯಿತು. ಗುಟ್ಟು ಕಾಯುವುದೇ ಕಸುಬಾಗಿದ್ದವರ ಕೈಯಲ್ಲಿ ಹರಿದ ಹಾಳೆಗಳ ಗತಿ ಇದು.

ಚೂರಿನ ಅಳತೆ: ಇಲ್ಲಿ ಸ್ವಲ್ಪ ನಿಲ್ಲೋಣ

ಶ್ರೆಡ್ಡರುಗಳು ಮೂರು ಬಗೆ. ಸ್ಟ್ರಿಪ್ ಕಟ್ ಹಾಳೆಯನ್ನು ಉದ್ದುದ್ದ ಪಟ್ಟಿ ಮಾಡುತ್ತದೆ. ಕ್ರಾಸ್ ಕಟ್ ಅಡ್ಡಕ್ಕೂ ಕತ್ತರಿಸುತ್ತದೆ. ಮೈಕ್ರೋ ಕಟ್ ಇನ್ನೂ ಸಣ್ಣ ಚೂರು ಮಾಡುತ್ತದೆ. ಆದರೆ ಈ ಹೆಸರುಗಳನ್ನು ನಂಬಿ ಕೊಳ್ಳಬೇಡಿ. ಒಬ್ಬರ ಮೈಕ್ರೋ ಇನ್ನೊಬ್ಬರ ಕ್ರಾಸ್ ಆಗಿರಬಹುದು. ಪೆಟ್ಟಿಗೆಯ ಮೇಲೆ ಪಿ-1ರಿಂದ ಪಿ-7ರ ತನಕ ಯಾವ ಮಟ್ಟ ಬರೆದಿದೆ ನೋಡಿ. ಇದು ಜರ್ಮನಿಯ ಡಿಐಎನ್ 66399 ಮಾನದಂಡದಿಂದ ಬಂದದ್ದು. 2018ರಲ್ಲಿ ಇದನ್ನೇ ಐಎಸ್‌ಒ/ಐಇಸಿ 21964 ಎಂಬ ಅಂತರರಾಷ್ಟ್ರೀಯ ಮಾನದಂಡವಾಗಿ ತೆಗೆದುಕೊಂಡರು.

ಒಂದು ಎ4 ಹಾಳೆಯನ್ನು ಇಟ್ಟುಕೊಂಡು ಲೆಕ್ಕ ಹಾಕಿದರೆ ವ್ಯತ್ಯಾಸ ಕಣ್ಣಿಗೆ ಕಟ್ಟುತ್ತದೆ. ಪಿ-2 ಮಟ್ಟದಲ್ಲಿ 6 ಮಿಲಿಮೀಟರ್ ಅಗಲದ ಪಟ್ಟಿ ಬರುತ್ತದೆ ಅಂದುಕೊಳ್ಳಿ. ಇಡೀ ಹಾಳೆಗೆ 35 ಪಟ್ಟಿ, ಅಷ್ಟೇ. ಪಿ-4ರಲ್ಲಿ ಒಂದು ಚೂರು 160 ಚದರ ಮಿಲಿಮೀಟರಿಗಿಂತ ದೊಡ್ಡದಿರಬಾರದು. ಹಾಳೆಗೆ ಸುಮಾರು 390 ಚೂರು. ಪಿ-5ರ ಮಿತಿ 30 ಚದರ ಮಿಲಿಮೀಟರ್, ಅಂದರೆ 2,000ಕ್ಕೂ ಜಾಸ್ತಿ ಚೂರು. ಪಿ-7ಕ್ಕೆ ಬಂದರೆ ಮಿತಿ 5 ಚದರ ಮಿಲಿಮೀಟರ್. ಒಂದೇ ಹಾಳೆಗೆ 12,000ಕ್ಕೂ ಜಾಸ್ತಿ.

ಸ್ಟ್ರಿಪ್ ಕಟ್ ಏಕೆ ಸಾಲದು ಎಂಬುದಕ್ಕೆ ಎರಡು ಘಟನೆ. 1979ರಲ್ಲಿ ಟೆಹ್ರಾನಿನ ಅಮೆರಿಕದ ರಾಯಭಾರ ಕಚೇರಿ ಕೈತಪ್ಪುವ ಮುನ್ನ ಅಲ್ಲಿನ ಸಿಬ್ಬಂದಿ ಗುಪ್ತ ಕಾಗದಗಳನ್ನು ಶ್ರೆಡ್ಡರಿಗೆ ಹಾಕಿದ್ದರು. ಕಚೇರಿ ಹಿಡಿದವರು ಆ ಪಟ್ಟಿಗಳನ್ನು ಸಾಲಾಗಿ ಜೋಡಿಸಿ ಓದಿದರು. ಆ ಕೆಲಸಕ್ಕೆ ಜಮಖಾನೆ ನೇಯುವವರ ನೆರವನ್ನೂ ಪಡೆದರು. ಆಮೇಲೆ ಪುಸ್ತಕ ಮಾಡಿ ಅಚ್ಚೂ ಹಾಕಿಸಿದರು.

ಎರಡನೆಯದು ನಗು ತರಿಸುವಂಥದ್ದು. 2012ರ ನವೆಂಬರಿನಲ್ಲಿ ನ್ಯೂಯಾರ್ಕಿನ ಮೇಸಿಸ್ ಥ್ಯಾಂಕ್ಸ್‌ಗಿವಿಂಗ್ ಮೆರವಣಿಗೆಯಲ್ಲಿ ಜನರ ಮೇಲೆ ಬಣ್ಣದ ಕಾಗದದ ಚೂರುಗಳ ಜೊತೆ ಪೊಲೀಸ್ ದಾಖಲೆಗಳ ಪಟ್ಟಿಗಳೂ ಉದುರಿದವು. ಅವು ಪಕ್ಕದ ನಸ್ಸೌ ಕೌಂಟಿ ಪೊಲೀಸ್ ಇಲಾಖೆಯವು. ಹಾಳೆಯನ್ನು ಸಾಲುಗಳ ಉದ್ದಕ್ಕೇ ಕತ್ತರಿಸಿದ್ದರಿಂದ ಅಲ್ಲಿನ ಜನರ ಗುರುತಿಗೆ ಬಳಸುವ ಸಾಮಾಜಿಕ ಭದ್ರತಾ ಸಂಖ್ಯೆಗಳನ್ನು ಸಲೀಸಾಗಿ ಓದಬಹುದಿತ್ತು. ಕತ್ತರಿಸಿದ ಕಾಗದವನ್ನು ಪಾರ್ಸೆಲ್ ಡಬ್ಬದಲ್ಲಿ ಮೆತ್ತೆಯಾಗಿ ಹಾಕುವ ಆಫೀಸುಗಳು ಇದನ್ನು ನೆನಪಿಡಬೇಕು. ಕಾಗದ ಎರಡು ಸಲ ಕೆಲಸಕ್ಕೆ ಬಂತು ಅಂತ ಖುಷಿಪಡುತ್ತೇವೆ. ಅಕ್ಷರಗಳು ಗ್ರಾಹಕರ ಮನೆಗೇ ಹೋಗಿರುತ್ತವೆ.

ಹಾಗಾದರೆ ಎಲ್ಲರೂ ಪಿ-7 ತಂದುಬಿಡೋಣವೇ? ಬೇಡ. ಮರುಬಳಕೆಯ ತಕರಾರು ಶುರುವಾಗುವುದು ಇಲ್ಲೇ. ಕಾಗದ ಮತ್ತೆ ಕಾಗದ ಆಗಬೇಕಾದರೆ ಅದರ ನಾರು ಉದ್ದ ಇರಬೇಕು. ಸಾಮಾನ್ಯವಾಗಿ ಒಂದು ನಾರು ಐದರಿಂದ ಏಳು ಸಲ ಮರುಬಳಕೆ ಆಗಬಲ್ಲದು. ಪ್ರತಿ ಸಲವೂ ಅದು ಗಿಡ್ಡ ಆಗುತ್ತಾ ಹೋಗುತ್ತದೆ. ಶ್ರೆಡ್ಡರ್ ಆ ಆಯಸ್ಸನ್ನು ಮೊದಲೇ ಕತ್ತರಿಸುತ್ತದೆ. ಚೂರು ಸಣ್ಣದಾದಷ್ಟೂ ನಷ್ಟ ಜಾಸ್ತಿ. ಸಾಲದ್ದಕ್ಕೆ ಬಿಡಿ ಚೂರುಗಳು ವಿಂಗಡಣೆ ಘಟಕದ ಜರಡಿಯಲ್ಲಿ ಸೋರಿ ಗಾಜು, ಮಣ್ಣಿನ ಜೊತೆ ಸೇರುತ್ತವೆ. ಅದಕ್ಕೇ ಎಷ್ಟೋ ಕಡೆ ಬಿಡಿ ಚೂರುಗಳನ್ನು ಮಾಮೂಲಿ ಮರುಬಳಕೆ ಬುಟ್ಟಿಗೆ ಹಾಕಬೇಡಿ ಎನ್ನುತ್ತಾರೆ. ಕೆಲವು ಕಡೆ ಕಾಗದದ ಚೀಲದಲ್ಲಿ ಕಟ್ಟಿಕೊಟ್ಟರೆ ಒಪ್ಪುತ್ತಾರೆ. ಯಂತ್ರ ಕೊಳ್ಳುವ ಮೊದಲು ನಿಮ್ಮ ರದ್ದಿ ಒಯ್ಯುವವರನ್ನು ಒಂದು ಮಾತು ಕೇಳಿ.

ನನ್ನ ತೀರ್ಪು ಹೀಗೆ. ದಿನನಿತ್ಯದ ಗೌಪ್ಯ ಕಾಗದಕ್ಕೆ ಪಿ-4. ವೈದ್ಯಕೀಯ ದಾಖಲೆ, ಪಾಸ್‌ವರ್ಡ್, ಒಪ್ಪಂದದ ಕರಡು ಇಂಥವಕ್ಕೆ ಪಿ-5. ಅದಕ್ಕೂ ಮೇಲಿನದು ಸೇನೆ, ಸರ್ಕಾರದ ರಹಸ್ಯ ಕಡತಗಳಂಥವಕ್ಕೆ ಇರಲಿ. ಪಿ-1, ಪಿ-2 ಯಂತ್ರಗಳನ್ನು ಗುಟ್ಟು ಕಾಯಲು ಕೊಳ್ಳಲೇಬೇಡಿ.

ನಿಮ್ಮದೇ ಯಂತ್ರವೋ, ಬೀಗದ ಪೆಟ್ಟಿಗೆಯೋ?

ಆಫೀಸಿನ ಶ್ರೆಡ್ಡರಿನ ದೊಡ್ಡ ಗುಣ ಎಂದರೆ ಕಾಯುವಿಕೆ ಇಲ್ಲ. ಹಾಳೆ ಕೈಯಿಂದ ನೇರ ಯಂತ್ರಕ್ಕೆ. ನಡುವೆ ಇನ್ನೊಬ್ಬರಿಲ್ಲ. ಹತ್ತಾರು ಹಾಳೆಗೆ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ.

ಆದರೆ ಹಳೆಯ ಕಡತಗಳ ಕಪಾಟು ಖಾಲಿ ಮಾಡುವ ದಿನ ಅದರ ಬಂಡವಾಳ ಬಯಲಾಗುತ್ತದೆ. ಸಣ್ಣ ಯಂತ್ರ ಕೆಲವೇ ನಿಮಿಷ ಓಡಿ ಬಿಸಿಯಾಗಿ ನಿಲ್ಲುತ್ತದೆ. ತಣ್ಣಗಾಗುವ ತನಕ ಒಬ್ಬರು ಸುಮ್ನೆ ನಿಂತಿರಬೇಕು. ಬೇಸರವಾಗಿ ಪಕ್ಕದಲ್ಲಿ ರಾಶಿ ಹಾಕಿ ಹೋಗುತ್ತಾರೆ. ಆ ರಾಶಿಯ ಕಾಗದಕ್ಕೆ ಯಾವ ಕಾವಲೂ ಇಲ್ಲ. ಜೊತೆಗೆ, ಒಂದೇ ಪತ್ರದ ಚೂರುಗಳೆಲ್ಲ ಒಂದೇ ಚೀಲದಲ್ಲಿ ಬೀಳುತ್ತವೆ. ಬೇರೆ ಕಾಗದ ಬೆರೆಯುವುದು ಕಡಿಮೆ.

ಬೀಗದ ಪೆಟ್ಟಿಗೆ ಇದಕ್ಕೆ ತದ್ವಿರುದ್ಧ. ಹಾಕುವುದು ಸುಲಭ. ಪಿನ್ನು, ಕ್ಲಿಪ್ಪು ಬಿಚ್ಚುವ ಗೋಜೂ ಸಾಮಾನ್ಯವಾಗಿ ಇರುವುದಿಲ್ಲ. ಅದಕ್ಕೇ ಜನ ಬಳಸುತ್ತಾರೆ. ಆದರೆ ಹಾಳೆ ಅಲ್ಲಿ ದಿನಗಟ್ಟಲೆ ಇಡಿಯಾಗಿ ಕೂತಿರುತ್ತದೆ. ಆದ್ದರಿಂದ ಪೆಟ್ಟಿಗೆಯ ಬಗ್ಗೆ ಕಟ್ಟುನಿಟ್ಟು ಬೇಕು. ಸೀಳು ಕೈ ತೂರದಷ್ಟು ಕಿರಿದಿರಲಿ. ಕೀಲಿ ರಿಸೆಪ್ಷನ್ ಡ್ರಾಯರಿನಲ್ಲಿ ಬೇಡ. ಪೆಟ್ಟಿಗೆ ಪ್ರಿಂಟರಿನ ಪಕ್ಕ ಇರಲಿ, ಹೊರಬಾಗಿಲ ಹತ್ತಿರ ಬೇಡ. ತುಂಬಿದ ಮೇಲೆ ಮುಚ್ಚಳದ ಮೇಲೆ ಹಾಳೆ ಇಡಲು ಶುರು ಮಾಡಿದರೆ ಪೆಟ್ಟಿಗೆ ಸಾಲುತ್ತಿಲ್ಲ ಎಂದೇ ಅರ್ಥ. ಹೆಚ್ಚು ಸಲ ಖಾಲಿ ಮಾಡಿಸಿ, ಇಲ್ಲವೇ ಇನ್ನೊಂದು ಇಡಿ.

ಸ್ವಚ್ಛತೆಯ ಸಿಬ್ಬಂದಿಯ ಮೇಲೆ ಇದರ ಹೊಣೆ ಹೊರಿಸಬೇಡಿ. ಯಾವ ಹಾಳೆ ಗೌಪ್ಯ ಎಂದು ತೀರ್ಮಾನಿಸುವುದು ಅವರ ಕೆಲಸ ಆಗಬಾರದು.

ಬಾಗಿಲಿಗೇ ಬಂದು ಕತ್ತರಿಸುವವರು, ಒಯ್ದು ಕತ್ತರಿಸುವವರು

ಪೆಟ್ಟಿಗೆ ಖಾಲಿ ಮಾಡುವ ಸೇವೆಗಳು ಎರಡು ಥರ. ಒಂದು, ಯಂತ್ರ ಇರುವ ಲಾರಿ ನಿಮ್ಮ ಆಫೀಸಿನ ಮುಂದೆ ನಿಂತು ಅಲ್ಲೇ ಕತ್ತರಿಸುವುದು. ನೀವು ನಿಂತು ನೋಡಬಹುದು. ಇಡೀ ಹಾಳೆ ನಿಮ್ಮ ಅಂಗಳ ದಾಟುವುದಿಲ್ಲ. ಎರಡು, ಬೀಗ ಹಾಕಿದ ಪೆಟ್ಟಿಗೆಯನ್ನೇ ಘಟಕಕ್ಕೆ ಒಯ್ದು ಅಲ್ಲಿ ಕತ್ತರಿಸುವುದು. ಸಾಮಾನ್ಯವಾಗಿ ಇದು ಅಗ್ಗ.

ನೋಡಿದ ತಕ್ಷಣ ಮೊದಲನೆಯದೇ ಗೆಲ್ಲುತ್ತದೆ. ಹಸ್ತಾಂತರದ ಲೆಕ್ಕದಲ್ಲಿ ಅದು ನಿಜಕ್ಕೂ ಮೇಲು. ಆದರೆ ಎರಡನೆಯದನ್ನು ತಳ್ಳಿಹಾಕಬೇಡಿ. ಘಟಕದ ದೊಡ್ಡ ಯಂತ್ರದಲ್ಲಿ ಚೂರು ಸ್ವಲ್ಪ ದೊಡ್ಡದೇ ಇರಬಹುದು. ಆದರೆ ನಿಮ್ಮ ಹಾಳೆಗಳ ಜೊತೆ ಬೇರೆ ಹತ್ತಾರು ಕಡೆಯ ಕಾಗದ ಟನ್ನುಗಟ್ಟಲೆ ಬೆರೆಯುತ್ತದೆ. ಅದನ್ನು ಒತ್ತಿ ಮೂಟೆ ಕಟ್ಟಿ ಕಾಗದದ ಗಿರಣಿಗೆ ಕಳಿಸುತ್ತಾರೆ. ಅಲ್ಲಿ ನೀರಿನಲ್ಲಿ ಕಲಸಿ ತಿರುಳು ಮಾಡಿದ ಮೇಲೆ ಓದಲು ಏನೂ ಉಳಿಯುವುದಿಲ್ಲ. ಚೂರು ದೊಡ್ಡದಿದ್ದರೆ ನಾರೂ ಉದ್ದ ಉಳಿಯುತ್ತದೆ. ಗುಟ್ಟು ಮತ್ತು ಮರುಬಳಕೆ ಎರಡೂ ಸಾಧಿಸುವ ದಾರಿ ಬೇಕಿದ್ದರೆ ನನ್ನ ಮತ ಇದಕ್ಕೇ. ಷರತ್ತು ಒಂದೇ: ಪೆಟ್ಟಿಗೆ ನಿಮ್ಮ ಬಾಗಿಲು ಬಿಟ್ಟು ಯಂತ್ರ ಸೇರುವ ತನಕದ ಹಾದಿ ಗಟ್ಟಿ ಇರಬೇಕು.

ಗಟ್ಟಿ ಇದೆಯೋ ಇಲ್ಲವೋ ತಿಳಿಯಲು ಹೀಗೆ ಕೇಳಿ. ಗಾಡಿಗೆ ಬೀಗ ಇದೆಯೇ? ದಾರಿಯಲ್ಲಿ ಎಲ್ಲೆಲ್ಲಿ ನಿಲ್ಲುತ್ತದೆ? ಘಟಕ ಸೇರಿದ ಮೇಲೆ ಎಷ್ಟು ಗಂಟೆಯೊಳಗೆ ಕತ್ತರಿಸುತ್ತೀರಿ? ಕೆಲಸವನ್ನು ಇನ್ನೊಬ್ಬರಿಗೆ ಒಳಗುತ್ತಿಗೆ ಕೊಡುತ್ತೀರಾ? ಚೂರು ಕೊನೆಗೆ ಹೋಗುವುದು ಗಿರಣಿಗೋ, ಬೆಂಕಿಗೋ, ತಿಪ್ಪೆಗೋ? ನಾವು ಹೇಳದೆ ಬಂದು ನೋಡಬಹುದೇ? ಈ ಕಸುಬಿಗೆ ನೈಡ್ ಟ್ರಿಪಲ್ ಎ ಎಂಬ ಪ್ರಮಾಣಪತ್ರ ಇದೆ. ಯುರೋಪಿನಲ್ಲಿ ಇಎನ್ 15713 ಎಂಬ ಮಾನದಂಡ ಇದೆ. ಇದ್ದರೆ ಒಳ್ಳೆಯದು. ಆದರೆ ಒಳಗುತ್ತಿಗೆಯ ಪ್ರಶ್ನೆಗೆ ತಡವರಿಸುವವರನ್ನು ಪ್ರಮಾಣಪತ್ರ ನೋಡಿ ಒಪ್ಪಬೇಡಿ.

ಮಾಮೂಲಿ ರದ್ದಿಯವರಿಗೆ ಗೌಪ್ಯ ಕಾಗದವನ್ನು ಇಡಿಯಾಗಿ ಮಾರುವುದನ್ನು ನಾನು ಈ ಹೋಲಿಕೆಗೇ ಸೇರಿಸಿಲ್ಲ. ಅವರಿಂದ ಅದು ಯಾರ ಕೈಗೆ, ಯಾವ ಪೊಟ್ಟಣಕ್ಕೆ ಹೋಗುತ್ತದೋ ಹೇಳಲಾಗದು.

ಕಾಗದ ಅಲ್ಲದ್ದು

ನಿಜವಾದ ಅಪಾಯ ದೊಡ್ಡದಿರುವುದು ಇಲ್ಲಿ. ಒಂದು ಹಾಳೆ ಕಳೆದರೆ ಒಬ್ಬರ ವಿವರ ಹೋಗುತ್ತದೆ. ಒಂದು ಡಿಸ್ಕ್ ಕಳೆದರೆ ಊರಿಗೆ ಊರೇ.

ಅಮೆರಿಕದ ಮಾರ್ಗನ್ ಸ್ಟಾನ್ಲಿ ಸಂಸ್ಥೆ ಹಳೆಯ ಸರ್ವರು, ಹಾರ್ಡ್ ಡಿಸ್ಕುಗಳ ವಿಲೇವಾರಿಯನ್ನು ಸಾಮಾನು ಸಾಗಿಸುವ ಕಂಪನಿಯೊಂದಕ್ಕೆ ವಹಿಸಿತ್ತು. ಮಾಹಿತಿ ಅಳಿಸುವ ಕೆಲಸದಲ್ಲಿ ಅವರಿಗೆ ಅನುಭವ ಇರಲಿಲ್ಲ. ಕೆಲವು ಸಾಧನಗಳು ಕೈ ಬದಲಾಗಿ ಇಂಟರ್ನೆಟ್ ಹರಾಜಿನಲ್ಲಿ ಮಾರಾಟವಾದವು, ಗ್ರಾಹಕರ ಮಾಹಿತಿ ಸಮೇತ. 2022ರಲ್ಲಿ ಅಲ್ಲಿನ ಷೇರು ಮಾರುಕಟ್ಟೆ ನಿಯಂತ್ರಕರು ಇದಕ್ಕೆ 3.5 ಕೋಟಿ ಡಾಲರ್ ದಂಡ ಹಾಕಿದರು. ಯಾವ ಶ್ರೆಡ್ಡರ್ ಕೊಳ್ಳಬೇಕು ಎಂಬ ಚರ್ಚೆಗೂ ಇದಕ್ಕೂ ಸಂಬಂಧವೇ ಇಲ್ಲ ನೋಡಿ. ತಪ್ಪಿದ್ದು ಹಾದಿಯಲ್ಲಿ.

ಜೆರಾಕ್ಸ್ ಮಷೀನನ್ನು ಯಾರೂ ಕಂಪ್ಯೂಟರ್ ಅಂದುಕೊಳ್ಳುವುದಿಲ್ಲ. ಆದರೆ ಆಫೀಸಿನ ದೊಡ್ಡ ನಕಲು ಯಂತ್ರಗಳಲ್ಲಿ ಹಲವಕ್ಕೆ ಹಾರ್ಡ್ ಡಿಸ್ಕ್ ಇರುತ್ತದೆ. ನಕಲು ಮಾಡಿದ ಹಾಳೆಯ ಚಿತ್ರ ಅದರಲ್ಲಿ ಉಳಿಯಬಹುದು. ಬಾಡಿಗೆ ಮುಗಿದು ವಾಪಸ್ ಹೋದ ಇಂಥ ಯಂತ್ರಗಳಲ್ಲಿ ರೋಗಿಗಳ ವಿವರ ಉಳಿದಿದ್ದಕ್ಕೆ ಅಮೆರಿಕದ ಅಫಿನಿಟಿ ಹೆಲ್ತ್ ಪ್ಲಾನ್ 2013ರಲ್ಲಿ 12 ಲಕ್ಷ ಡಾಲರಿಗೂ ಮಿಕ್ಕಿ ತೆರಬೇಕಾಯಿತು. ಬಾಡಿಗೆ ಒಪ್ಪಂದ ಬರೆಯುವಾಗಲೇ ಡಿಸ್ಕ್ ಯಾರ ಪಾಲಿಗೆ ಎಂದು ಬರೆಸಿಕೊಳ್ಳಿ.

ಡಿಸ್ಕಿನಲ್ಲಿರುವುದನ್ನು ಡಿಲೀಟ್ ಮಾಡಿದರೆ, ಕ್ವಿಕ್ ಫಾರ್ಮ್ಯಾಟ್ ಮಾಡಿದರೆ ಸಾಲದು. ಹೋಗುವುದು ವಿಷಯಸೂಚಿ ಮಾತ್ರ, ಪುಟಗಳು ಅಲ್ಲೇ ಇರುತ್ತವೆ. ಮುಂದಿನ ದಾರಿ ಡಿಸ್ಕ್ ಯಾವ ಬಗೆಯದು ಎಂಬುದರ ಮೇಲೆ ನಿಂತಿದೆ. ತಿರುಗುವ ಹಳೆ ಬಗೆಯ ಹಾರ್ಡ್ ಡಿಸ್ಕಿಗೆ ಪೂರ್ತಿ ಮೇಲುಬರಹ, ಅಂದರೆ ಹಳೆಯ ಮಾಹಿತಿಯ ಮೇಲೆ ಬೇರೇನಾದರೂ ಬರೆಯುವುದು, ಒಂದು ಸಲ ಸರಿಯಾಗಿ ಆದರೆ ಸಾಮಾನ್ಯವಾಗಿ ಸಾಕು. ಏಳು ಸಲ ಬರೆಯಬೇಕು ಎಂಬುದು ಹಳೆಯ ಕಾಲದ ಮಾತು. ಬಲವಾದ ಆಯಸ್ಕಾಂತದಿಂದ ಅಳಿಸುವ ಡೀಗಾಸಿಂಗ್ ಕೂಡ ಇಂಥ ಡಿಸ್ಕಿಗೆ, ಟೇಪಿಗೆ ನಡೆಯುತ್ತದೆ, ಆದರೆ ಆ ಡಿಸ್ಕನ್ನು ಮತ್ತೆ ಬಳಸಲಾಗುವುದಿಲ್ಲ. ಎಸ್‌ಎಸ್‌ಡಿ, ಪೆನ್‌ಡ್ರೈವ್‌ಗಳ ಮೇಲೆ ಆಯಸ್ಕಾಂತದ ಆಟ ನಡೆಯದು, ಅವು ಮಾಹಿತಿಯನ್ನು ಚಿಪ್ಪಿನಲ್ಲಿ ಇಡುತ್ತವೆ. ಮೇಲುಬರಹವೂ ಅರೆಬರೆ, ಏಕೆಂದರೆ ಅವು ಬರೆಯುವ ಜಾಗವನ್ನು ಒಳಗೊಳಗೇ ಬದಲಿಸುತ್ತಿರುತ್ತವೆ. ಎಸ್‌ಎಸ್‌ಡಿ ತಯಾರಕರೇ ಕೊಡುವ ಅಳಿಸುವ ಆಜ್ಞೆ ಬಳಸಿ, ಇಲ್ಲವೇ ಗೂಢಲಿಪೀಕರಿಸಿದ (ಎನ್‌ಕ್ರಿಪ್ಟ್ ಮಾಡಿದ) ಡಿಸ್ಕಾದರೆ ಅದನ್ನು ಓದಲು ಬೇಕಾದ ಕೀಲಿಯನ್ನು ಅಳಿಸಿ. ಎರಡೂ ಆಗದಿದ್ದರೆ ಪುಡಿ ಮಾಡಿಸಿ. ಡ್ರಿಲ್ಲಿನಿಂದ ತೂತು ಕೊರೆಯುವುದನ್ನು ಎಸ್‌ಎಸ್‌ಡಿಗೆ ನಂಬಬೇಡಿ. ತೂತು ಚಿಪ್ಪನ್ನು ತಪ್ಪಿಸಿ ಹೋಗಬಹುದು.

ಅಳಿಸಿ ಮರುಬಳಸುವುದೋ, ಪುಡಿ ಮಾಡುವುದೋ? ಅಳಿಸಿದ್ದನ್ನು ಪರೀಕ್ಷಿಸಿ ನೋಡಲು ಬರುವಂತಿದ್ದರೆ ಅಳಿಸುವುದೇ ಮೇಲು. ಇನ್ನೂ ವರ್ಷಗಟ್ಟಲೆ ಓಡುವ ಡಿಸ್ಕನ್ನು ಪುಡಿ ಮಾಡಿದರೆ ಸಿಗುವುದು ಸ್ವಲ್ಪ ಲೋಹ. ಒಳಗಿನ ನಿಯೋಡಿಮಿಯಂ ಆಯಸ್ಕಾಂತದ ಪುಡಿ ಕಬ್ಬಿಣದ ಚೂರಿಗೆ ಅಂಟಿಕೊಂಡು ಅದೂ ಕೈಗೆ ಬರುವುದಿಲ್ಲ. ಡಿಸ್ಕ್ ಕೆಟ್ಟು ಕೂತಿದ್ದರೆ ಮಾತ್ರ ಬೇರೆ ದಾರಿ ಇಲ್ಲ, ಅಳಿಸುವ ಆಜ್ಞೆಯನ್ನು ಅದು ಕೇಳಿಸಿಕೊಳ್ಳುವುದೇ ಇಲ್ಲ. ಫೋನು, ಲ್ಯಾಪ್‌ಟಾಪ್ ಪುಡಿ ಮಾಡಿಸುವ ಮುನ್ನ ಬ್ಯಾಟರಿ ತೆಗೆಸಿ. ಲಿಥಿಯಂ ಬ್ಯಾಟರಿ ಯಂತ್ರದೊಳಗೆ ಹೊತ್ತಿಕೊಳ್ಳುತ್ತದೆ.

ಸಿಮ್ ಕಾರ್ಡು, ಹಳೆಯ ಐಡಿ ಕಾರ್ಡು, ಸಿಡಿಗಳನ್ನು ಕಾಗದದ ಜೊತೆ ಸೇರಿಸಬೇಡಿ. ಪ್ಲಾಸ್ಟಿಕ್ ಬೆರೆತರೆ ಕಾಗದದ ಮೂಟೆ ಕೆಡುತ್ತದೆ. ಬಿಲ್ಲುಗಳ ನುಣುಪು ಥರ್ಮಲ್ ಕಾಗದವೂ ಹಾಗೆಯೇ. ಅದರ ಲೇಪದ ರಾಸಾಯನಿಕ ಮರುಬಳಕೆಗೆ ಒಗ್ಗುವುದಿಲ್ಲ. ಕತ್ತರಿಸಿ, ಬೇರೆಯಾಗಿ ಕಸಕ್ಕೆ ಹಾಕಿ.

ಯಾರಿಗೆ ಯಾವುದು?

ನಾಲ್ಕೈದು ಜನರ ಆಫೀಸು: ಒಂದು ಪಿ-4 ಯಂತ್ರ, ಅದೂ ಪ್ರಿಂಟರ್ ಪಕ್ಕದಲ್ಲಿ. 'ಆಮೇಲೆ'ಯ ಡಬ್ಬ ಬೇಡ. ವರ್ಷದ ಕೊನೆಯ ಕಡತಗಳಿಗೆ ಮಾತ್ರ ಹೊರಗಿನವರನ್ನು ಒಮ್ಮೆ ಕರೆಸಿ.

ಹತ್ತಾರು ಜನ ಇರುವ ಕಡೆ: ಬೀಗದ ಪೆಟ್ಟಿಗೆ, ಎಲ್ಲ ಕಾಗದವೂ ಅದಕ್ಕೇ, ಒಯ್ದು ಕತ್ತರಿಸುವ ಸೇವೆ. ಸಿಬ್ಬಂದಿ ಮತ್ತು ಲೆಕ್ಕಪತ್ರ ವಿಭಾಗದ ಒಳಗೆ ಜೊತೆಗೊಂದು ಪಿ-5 ಯಂತ್ರ.

ಆಸ್ಪತ್ರೆ, ವಕೀಲರ ಕಚೇರಿಯಂಥವು: ಬಾಗಿಲಿಗೇ ಬರುವ ಲಾರಿ, ಇಲ್ಲವೇ ತುಂಬಾ ಕಟ್ಟುನಿಟ್ಟಿನ ಒಯ್ಯುವ ಸೇವೆ. ಡಿಸ್ಕುಗಳಿಗೆ ಬೇರೆಯೇ ಒಪ್ಪಂದ. ಮಾಹಿತಿ ಅಳಿಸುವುದರ ಬಗ್ಗೆ ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ ಕೊಟ್ಟಿರುವ 800-88 ಮಾರ್ಗಸೂಚಿಯ ಪ್ರಕಾರ ಕೆಲಸ ಆಗಬೇಕು ಎಂದು ಅದರಲ್ಲಿ ಬರೆಸಿ.

ಮನೆಯಿಂದ ಕೆಲಸ ಮಾಡುವವರು: ಮನೆಯಲ್ಲಿ ಪ್ರಿಂಟ್ ತೆಗೆಯದಿರುವುದು ಎಲ್ಲಕ್ಕಿಂತ ಅಗ್ಗದ ಉಪಾಯ. ತೆಗೆದರೆ ಆ ಹಾಳೆಯನ್ನು ಮನೆಯ ರದ್ದಿಗೆ ಸೇರಿಸದೆ ಒಂದು ಲಕೋಟೆಯಲ್ಲಿಟ್ಟು, ಆಫೀಸಿಗೆ ಹೋದ ದಿನ ಅಲ್ಲಿನ ಬೀಗದ ಪೆಟ್ಟಿಗೆಗೆ ಹಾಕಲಿ.

ಸೇವೆ ಯಾವುದೇ ಇರಲಿ, ಪ್ರತಿ ಸಲವೂ ನಾಶದ ಪತ್ರ ತೆಗೆದುಕೊಳ್ಳಿ. ಅದರಲ್ಲಿ ದಿನಾಂಕ, ಜಾಗ, ವಿಧಾನ, ಪೆಟ್ಟಿಗೆಗಳ ಸಂಖ್ಯೆ ಅಥವಾ ತೂಕ, ಹೊಣೆ ಹೊತ್ತವರ ಸಹಿ ಇರಬೇಕು. ಡಿಸ್ಕ್ ಆದರೆ ಒಂದೊಂದರ ಸೀರಿಯಲ್ ನಂಬರೂ ಬೇಕು. ಆ ನಂಬರುಗಳನ್ನು ನಿಮ್ಮ ಆಸ್ತಿ ಪಟ್ಟಿಯ ಜೊತೆ ಅದೇ ವಾರ ತಾಳೆ ನೋಡಿ. ಒಂದು ನಂಬರ್ ಕಾಣದಿದ್ದರೂ ಮುಂದಿನ ಪೆಟ್ಟಿಗೆ ಕೊಡುವ ಮೊದಲು ಅದೆಲ್ಲಿ ಎಂದು ಬರವಣಿಗೆಯಲ್ಲೇ ಕೇಳಿ.